ಎರಡು ಗ್ರಾಂ ಜೇಷ್ಠಮಧು

ಇವಾವೊ ತನ್ನ ಗಿಡಮೂಲಿಕೆ ಅಂಗಡಿಯಲ್ಲಿ ತಕ್ಕಡಿಯ ಮುಂದೆ ಕುಳಿತು ಆಗಲೇ ಅರ್ಧ ಗಂಟೆಯಾಗಿತ್ತು. ಕೆಲಸವೆಂದರೆ ಏನೂ ಅಲ್ಲ, ಮಾಕಿನೊ ಟೀಚರಿಗೆ ಇನ್ನೊಂದು ವಾರದ ಕಷಾಯಕ್ಕೆ ದಿನಕ್ಕೊಂದರಂತೆ ಪೊಟ್ಟಣ ಕಟ್ಟುವುದು. ಎರಡೇ ಬೇರು, ಕಣ್ಣು ಮುಚ್ಚಿಕೊಂಡು ಕಟ್ಟಬಹುದು. ಶಾಕುಯಾಕು ಬೇರನ್ನು ತೂಗಿ ಕಾಗದದ ಮೇಲೆ ಸುರಿದಾಗಿತ್ತು. ಉಳಿದದ್ದು ಜೇಷ್ಠಮಧು. ಅದರ ಹಳದಿ ಚೂರುಗಳು ಎಡಗೈಯಲ್ಲೇ ಇದ್ದವು, ಬೆವರಿಗೆ ಅಂಗೈಗೆ ಅಂಟಿಕೊಳ್ಳತೊಡಗಿದ್ದವು, ತಟ್ಟೆಗೆ ಹಾಕಲು ಮಾತ್ರ ಕೈ ಬರುತ್ತಿರಲಿಲ್ಲ. ಅಂಗಡಿ ಗುಡಿಸಲು ಬಂದ ಹೆಂಡತಿ ಸಾತೊಯೆ ಪೊರಕೆ ಊರಿ ನಿಂತು, "ಏನ್ರೀ, ತಕ್ಕಡಿ ಮುಂದೆ ಧ್ಯಾನಕ್ಕೆ ಕೂತ್ರಾ?" ಎಂದಳು. ಅವಳಿಗೆ ಉತ್ತರ ಬೇಕಾಗಿರಲಿಲ್ಲ, ಹೇಳುವ ಸುದ್ದಿಯೊಂದು ನಾಲಿಗೆ ತುದಿಯಲ್ಲಿತ್ತು.

"ನಿನ್ನೆ ಕಿಹೇಜಿಯ ತೋಫು ಅಂಗಡೀಲಿ ಮಾಕಿನೊ ಟೀಚರ್ ಕೈಯಿಂದ ಪಾತ್ರೆ ಜಾರಿಬಿತ್ತಂತೆ. ತೋಫೆಲ್ಲಾ ನೆಲದ ಪಾಲು. ಅವನಿಗೆ ಪಾಪ ಗಾಬರಿ. ಇವರು ನೋಡಿದ್ರೆ ನಗ್ತಾ ನಿಂತಿದ್ರಂತೆ. ಇದು ಮೆಂಕೆನ್ನು ಕಣಪ್ಪ, ಕೈ ಸೋತಷ್ಟೂ ಒಳ್ಳೇದು ಅಂತ ನಮ್ಮ ಇವಾವೊನೇ ಹೇಳಿದಾನೆ ಅಂದ್ರಂತೆ."

"ನಾನು ಹಾಗೆ ಹೇಳಿಲ್ಲ."

"ಮತ್ತೆ ಹೇಗೆ ಹೇಳಿದ್ರಿ?"

ಹಾಗೆಯೇ ಹೇಳಿದ್ದ. ಹತ್ತು ದಿನದ ಹಿಂದೆ, ಇದೇ ಅಂಗಡಿಯ ಒಳಕೋಣೆಯಲ್ಲಿ, ಟೀಚರ್ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದಾಗ. ಬೆಳಿಗ್ಗೆ ಕಣ್ಣು ಬಾತಿರುತ್ತವೆ, ಕಾಲು ಬೇರೆಯವರ ಕಾಲಿನ ಹಾಗೆ ಭಾರ, ಬೀಗ ತಿರುಗಿಸಲು ಬೆರಳಿಗೆ ಬಲವಿಲ್ಲ ಎಂದಿದ್ದರು. ಅವನು ಎರಡೂ ಕೈಯ ನಾಡಿ ಹಿಡಿದ, ಹೊಟ್ಟೆ ಒತ್ತಿ ನೋಡಿದ, ಸಾವಕಾಶವಾಗಿ ಕೈ ಒರೆಸಿಕೊಂಡ, ಆಮೇಲೆ ಆ ಮಾತು ಆಡಿದ. ಸರಿಯಾದ ಔಷಧಿ ರೋಗದ ಬೇರಿಗೆ ತಾಗಿದಾಗ ರೋಗಿ ಮೊದಲು ಕುಸಿಯುತ್ತಾನೆ, ಆಮೇಲೆ ಏಳುತ್ತಾನೆ. ಆ ಕುಸಿತಕ್ಕೇ ಮೆಂಕೆನ್ ಎಂದು ಹೆಸರು, ಹೆದರಬಾರದು, ಬಿಡದೆ ಕುಡಿಯಬೇಕು. ಹಾಗೆ ಹೇಳುವಾಗ ಅವನ ದನಿ ಅವನಿಗೇ ಇಷ್ಟವಾಗಿತ್ತು. ಟೀಚರ್ ಸ್ವಲ್ಪ ಹೊತ್ತು ಅವನ ಮುಖ ನೋಡಿ, "ಥೇಟ್ ನಿಮ್ಮಪ್ಪನ ಹಾಗೆ ಆಗಿದೀಯ ಕಣೋ" ಎಂದಿದ್ದರು. ಐವತ್ಮೂರು ವರ್ಷದ ಗಂಡಸು ಆ ಒಂದು ಮಾತಿಗೆ ದಿನವಿಡೀ ನೆಲದ ಮೇಲೆ ಕಾಲಿಡದೆ ಓಡಾಡಿದ್ದ. ಅಪ್ಪ ತನ್ನ ಜೀವಮಾನದಲ್ಲಿ ಮೆಂಕೆನ್ ಎಂಬ ಮಾತು ಆಡಿದ್ದು ಮೂರೋ ನಾಲ್ಕೋ ಸಲ. ಆಡಿದ ಮೇಲೆ ಊಟ ಸೇರುತ್ತಿರಲಿಲ್ಲ, ಬೆಳಗಾಗುತ್ತಲೇ ಚಪ್ಪಲಿ ಮೆಟ್ಟಿ ರೋಗಿಯ ಮನೆಗೆ ಓಡುತ್ತಿದ್ದ, ಅಂಗಳದಲ್ಲಿ ನಿಂತು ಒಳಗಿನಿಂದ ಕೆಮ್ಮಿನ ಸದ್ದೋ ಮಾತಿನ ಸದ್ದೋ ಕೇಳುವವರೆಗೆ ಉಸಿರು ಬಿಗಿಹಿಡಿದಿರುತ್ತಿದ್ದ. ಇವಾವೊ ಆ ಮಾತು ಆಡಿ ಹತ್ತು ದಿನ ಚೆನ್ನಾಗಿ ನಿದ್ದೆ ಮಾಡಿದ್ದ.

ಆದರೆ ಈಗ ಆ ಚೂರುಗಳನ್ನು ತಟ್ಟೆಗೆ ಹಾಕಲು ಆಗಲಿಲ್ಲ. ಯಾಕೆಂದರೆ ಅವನಿಗೆ ಗೊತ್ತಿತ್ತು. ಗೊತ್ತಿತ್ತು ಎನ್ನಲು ಒಪ್ಪದೆ, ಗೊತ್ತಿರಲಿಲ್ಲ ಎಂದು ಎದೆ ಮುಟ್ಟಿ ಹೇಳಲೂ ಆಗದೆ, ಎರಡರ ನಡುವೆ ಎಲ್ಲೋ ಬಚ್ಚಿಟ್ಟುಕೊಂಡಿದ್ದ. ಫೆಬ್ರವರಿಯಲ್ಲಿ ಔಷಧಿ ಅಂಗಡಿಯವರ ಸಂಘದಿಂದ ಬಂದ ಪತ್ರಿಕೆಯಲ್ಲಿ ನಾಲ್ಕು ಪುಟದ ಬರಹವೊಂದಿತ್ತು: ವಯಸ್ಸಾದವರು ಜೇಷ್ಠಮಧುವನ್ನು ಹೆಚ್ಚು ದಿನ, ಹೆಚ್ಚು ತೂಕದಲ್ಲಿ ಕುಡಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿನ ಪೊಟ್ಯಾಸಿಯಂ ಸೋರಿಹೋಗಿ ಸ್ನಾಯು ಸೋಲುತ್ತವೆ, ಕಡೆಗೆ ಹೃದಯವೂ. ನಿಂತುಕೊಂಡೇ ಓದಿದ್ದ. ಸಾವಿರ ವರ್ಷದಿಂದ ಕುದಿಸಿ ಕುಡಿಯುತ್ತಿರುವ ಬೇರಿನ ಬಗ್ಗೆ ಈ ಆಸ್ಪತ್ರೆಯ ಹುಡುಗರಿಗೆ ಏನು ಗೊತ್ತು ಎಂದು ಮಡಚಿ, ನೋವಿಗೆ ಮೈಮೇಲಿಟ್ಟು ಸುಡುವ ಮೊಗುಸಾ ಸೊಪ್ಪಿನ ಡಬ್ಬಿಯ ಕೆಳಗೆ ತಳ್ಳಿದ್ದ. ಏಪ್ರಿಲ್‌ನಲ್ಲಿ ಟೀಚರಿಗೆ ಮೀನಖಂಡ ಹಿಡಿದುಕೊಳ್ಳುತ್ತದೆಂದು ಕಷಾಯ ಕೊಟ್ಟ, ದಿನಕ್ಕೆ ಆರು ಗ್ರಾಂ ಜೇಷ್ಠಮಧು. ಎರಡು ವಾರದಲ್ಲಿ ಹಿಡಿತ ಬಿಟ್ಟಿತು. ಮೂರು ವಾರ ಕಳೆದು ಮತ್ತೆ ಹಿಡಿಯಿತು. ಆಗ ಎರಡು ಗ್ರಾಂ ಏರಿಸಿದ. ಆ ಹಿಡಿತಕ್ಕೂ ಜೇಷ್ಠಮಧುವೇ ಕಾರಣ ಇರಬಹುದು, ಔಷಧಿಯೆಂದು ಬೆಂಕಿಗೆ ಎಣ್ಣೆ ಹೊಯ್ಯುತ್ತಿದ್ದೇನೆ ಎನ್ನುವುದು ಆವತ್ತೇ ತಲೆಯ ಹಿಂದೆ ಎಲ್ಲೋ ಸಣ್ಣಗೆ ಕೆರೆದಿತ್ತು. ಕೆರೆದದ್ದನ್ನು ನೊಣ ಓಡಿಸಿದ ಹಾಗೆ ಓಡಿಸಿದ್ದ.

ಅಂಗೈಯಲ್ಲಿದ್ದ ಚೂರುಗಳನ್ನು ಡಬ್ಬಿಗೆ ಸುರಿದ. ಬರೀ ಶಾಕುಯಾಕು ಬೇರನ್ನೇ ಏಳು ಪೊಟ್ಟಣ ಕಟ್ಟಿದ, ಕೆಂಪು ದಾರ ಸುತ್ತಿದ. ಮಳೆಗಾಲ ಶುರುವಾಯಿತು, ಔಷಧಿ ಸ್ವಲ್ಪ ಬದಲಾಯಿಸಿದ್ದೇನೆ ಎಂದರಾಯಿತು. ಸುಳ್ಳೇನಲ್ಲ, ಋತುವಿಗೆ ತಕ್ಕಂತೆ ಔಷಧಿ ಬದಲಿಸುವುದು ಅಜ್ಜನ ಕಾಲದಿಂದ ನಡೆದುಬಂದದ್ದೇ. ಬಾವು ತಾನಾಗಿ ಇಳಿಯುತ್ತದೆ, ಟೀಚರ್ ಎದ್ದು ಓಡಾಡುತ್ತಾರೆ, ಮೆಂಕೆನ್ ಮುಗಿಯಿತು ನೋಡಿ ಎಂದು ಊರೆಲ್ಲ ಹೊಗಳುತ್ತಾರೆ. ಈ ಕೊನೆಯ ಯೋಚನೆ ಬಂದಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಆದರೂ ಪೊಟ್ಟಣಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಎದ್ದ. ಜೊತೆಗೆ ನೋವಿಳಿಸಲು ಮೈಗೆ ಚುಚ್ಚುವ ಸೂಜಿಗಳ ಪೆಟ್ಟಿಗೆಯನ್ನೂ ಎತ್ತಿಕೊಂಡ, ಯಾಕೆಂದು ಅವನಿಗೇ ತಿಳಿಯಲಿಲ್ಲ.

ದಾರಿಯುದ್ದಕ್ಕೂ ತೋಕಿ ಎಂಬ ಔಷಧಿ ಗಿಡದ ಹೊಲ. ಎಲೆ ಮುಟ್ಟಿದರೆ ಸಾಕು, ಕೈಗೆ ಇಡೀ ದಿನ ವಾಸನೆ. ಯಮಾತೊ ಸೀಮೆಯ ಈ ಕಡೆ ಹುಟ್ಟಿದವರು ಆ ವಾಸನೆಯಲ್ಲೇ ಹುಟ್ಟಿ ಅದರಲ್ಲೇ ಹೋಗುತ್ತಾರೆ. ಅಜ್ಜ ವೈದ್ಯ, ಜನ ಅವನನ್ನು ಪಲ್ಲಕ್ಕಿಯಲ್ಲಿ ಕರೆಸಿಕೊಳ್ಳುತ್ತಿದ್ದರು. ಆಮೇಲೆ ಸರ್ಕಾರ ಬದಲಾಯಿತು, ಪಶ್ಚಿಮದ ವೈದ್ಯ ಓದಿ ಪರೀಕ್ಷೆ ಪಾಸು ಮಾಡಿದವನೇ ವೈದ್ಯ ಎಂದು ಕಾನೂನು ಬಂತು. ಅಜ್ಜನನ್ನು ಅಜ್ಜನ ಪಾಡಿಗೆ ಬಿಟ್ಟರು, ಅಪ್ಪ ಮಾತ್ರ ಅದೇ ಮನೆಯಲ್ಲಿ ಅದೇ ಬೇರುಗಳ ನಡುವೆ ಬೆಳೆದು ವೈದ್ಯನಾಗದೆ ಹೋದ. ಔಷಧಿ ಅಂಗಡಿಯವನಾದ, ಸೂಜಿ ಹಾಕುವವನಾದ. ಆಸ್ಪತ್ರೆಯ ಡಾಕ್ಟರರು ಎದುರು ಬಂದರೆ ರಸ್ತೆ ಬಿಟ್ಟು ನಿಲ್ಲುತ್ತಿದ್ದ. ಮಗನಿಗೆ ಸೂಜಿ ಕಲಿಸಿದ್ದು ಬೋಗುಣಿಯ ನೀರಿನಲ್ಲಿ ಬದನೆಕಾಯಿ ತೇಲಿಬಿಟ್ಟು. ನೀರು ಅಲುಗದ ಹಾಗೆ, ಕಾಯಿ ಮುಳುಗದ ಹಾಗೆ ಸಣ್ಣ ನಳಿಗೆಯೊಳಗಿಂದ ಸೂಜಿ ಇಳಿಸಬೇಕು. ಒಂದು ಬೇಸಿಗೆ ಪೂರ್ತಿ ಅದೇ. ಕಾಯಿ ಮುಳುಗಿದರೆ ಅಪ್ಪ ಬಯ್ಯುತ್ತಿರಲಿಲ್ಲ, ಆ ಸೂಜಿಯನ್ನು ತನ್ನ ತೊಡೆಗೆ ಹಾಕಿಸಿಕೊಂಡು, "ನೋಡು, ಇಷ್ಟು ನೋಯುತ್ತೆ" ಎನ್ನುತ್ತಿದ್ದ. ಆ ದನಿ ನೆನಪಾಗಿ ಇವಾವೊನ ಕಾಲು ನಿಧಾನವಾಯಿತು. ಎದುರಿಗೆ ಬಂದ ಅಂಚೆಯವನು ಸೈಕಲ್ಲಿನಿಂದಲೇ ತಲೆ ಬಾಗಿಸಿ, "ಸೆನ್ಸೇ, ಸವಾರಿ ಯಾರ ಮನೆಗೆ?" ಎಂದು ಕೇಳಿದ. ಇವಾವೊ ಮುಂದಕ್ಕೆ ಕೈ ತೋರಿಸಿದ. ಇಷ್ಟು ವರ್ಷ ಗುರುಗಳಿಗೂ ವೈದ್ಯರಿಗೂ ಸಲ್ಲುವ ಆ ಸೆನ್ಸೇ ಎನ್ನುವ ಕರೆಯನ್ನು ಹಾಸಿ ಹೊದ್ದುಕೊಂಡು ಬದುಕಿದ್ದೇನೆ ಅನ್ನಿಸಿತು.

ಟೀಚರ್ ಜಾರುಬಾಗಿಲನ್ನು ಕೈಯಿಂದ ಸರಿಸಲಿಲ್ಲ, ಭುಜ ಕೊಟ್ಟು ತಳ್ಳಿದರು. ಅದನ್ನು ಅವನು ನೋಡದಂತೆ ಮಾಡಲು ಅವರು, ನೋಡಲಿಲ್ಲವೆಂದು ತೋರಿಸಲು ಅವನು, ಇಬ್ಬರೂ ಒಟ್ಟಿಗೆ ಹವೆಯ ಮಾತೆತ್ತಿದರು. ಮುಖ ಊದಿ ಕಣ್ಣು ಗೀಟಿನಷ್ಟಾಗಿತ್ತು. ಅರವತ್ತಾರು ವಯಸ್ಸು, ನಲವತ್ತು ವರ್ಷ ಇವಾವೊ ಸೇರಿ ಊರಿನ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ಕೈ; ಬಾರ್ಲಿ ಟೀ ತುಂಬಿದ ಕೆಟಲನ್ನು ಎತ್ತಲು ಹೋಗಿ, ಎತ್ತದೆ, "ನೀನೇ ಬಗ್ಗಿಸ್ಕೊಳ್ಳಪ್ಪ, ನೀನೇನು ಹೊರಗಿನವನಾ" ಎಂದರು. ಚಾಪೆಯ ಮೇಲೊಂದು ಶಾಲೆಯ ನೋಟ್‌ಬುಕ್ಕು ಇತ್ತು. "ನಿನಗೇ ಅಂತ ಬರೆದಿಟ್ಟಿದೀನಿ, ನೋಡು" ಎಂದು ಅವನ ಕಡೆ ಸರಿಸಿದರು. ಒಂದೊಂದು ದಿನಕ್ಕೂ ಒಂದೊಂದು ಸಾಲು. ತಾರೀಕು ಹನ್ನೆರಡು: ಮೆಟ್ಟಿಲು ಹತ್ತಲು ಆಗಲಿಲ್ಲ, ಔಷಧಿ ಕೆಲಸ ಮಾಡುತ್ತಿದೆ. ಹದಿನಾಲ್ಕು: ಬಟ್ಟಲು ಬಿದ್ದು ಒಡೆಯಿತು, ಒಳ್ಳೆಯ ಲಕ್ಷಣ. ಹದಿನೇಳು: ಕೆಟಲು ಎತ್ತಲಾಗಲಿಲ್ಲ, ಇವಾವೊ ಹೇಳಿದಂತೆಯೇ ಆಗುತ್ತಿದೆ, ಸಂತೋಷ. ಮೊದಲ ಸಾಲಿನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ನಿನ್ನೆಯ ಸಾಲು ಒಂದನೇ ಕ್ಲಾಸಿನ ಮಗು ಬರೆದ ಹಾಗಿತ್ತು. ಅವನು ಆ ಸಾಲನ್ನು ಎರಡು ಸಲ ಓದಿದ, ಓದುತ್ತಿರುವ ಹಾಗೆ ನಟಿಸುತ್ತ ಇನ್ನಷ್ಟು ಹೊತ್ತು ತಲೆ ಬಗ್ಗಿಸಿಕೊಂಡೇ ಕುಳಿತ.

"ಮಳೆಗಾಲ ಶುರುವಾಯ್ತಲ್ಲ ಟೀಚರ್," ಎಂದ ಕೊನೆಗೆ. ದನಿ ಬೇರೆ ಯಾರದೋ ಆಗಿತ್ತು. "ಔಷಧಿ ಸ್ವಲ್ಪ ಬದಲಾಯಿಸಿ ತಂದಿದೀನಿ."

"ಆಗಲಿ. ಹಳೇದು ಇನ್ನೂ ಎರಡು ಪೊಟ್ಟಣ ಇದೆ. ಅದು ಮುಗಿಸಿ ಇದನ್ನ ಶುರು ಮಾಡ್ತೀನಿ, ಸುಮ್ನೆ ಚೆಲ್ಲೋದ್ಯಾಕೆ."

"ಅದು ಬೇಡ ಟೀಚರ್."

"ಯಾಕೋ? ನೀನೇ ತಾನೆ ಒಂದು ಹೊತ್ತೂ ತಪ್ಪಿಸಬೇಡಿ ಅಂದಿದ್ದು."

ಹೌದು, ಅವನೇ. ಇನ್ನು ಹೇಳಲು ಸುಳ್ಳು ಉಳಿದಿರಲಿಲ್ಲ. ಎರಡೇ ಪೊಟ್ಟಣ, ಎರಡು ದಿನ, ಏನಾಗಿಬಿಡುತ್ತದೆ ಎಂದು ಮನಸ್ಸಿನ ಒಂದು ಮೂಲೆ ಇನ್ನೂ ಚೌಕಾಸಿ ಮಾಡುತ್ತಲೇ ಇತ್ತು. ಬದಿಯ ಅಡುಗೆಮನೆಯಲ್ಲಿ ಮಣ್ಣಿನ ಪಾತ್ರೆಯಲ್ಲಿ ಇವತ್ತಿನ ಕಷಾಯ ಕುದಿಯುತ್ತಿತ್ತು, ಆ ಸಿಹಿ ವಾಸನೆ ಮೂಗಿಗೆ ಬಡಿಯಿತು. ಚಿಕ್ಕಂದಿನಿಂದ ಅವನಿಗೆ ತುಂಬ ಇಷ್ಟವಾದ ವಾಸನೆ ಅದು. ಎದ್ದು ಹೋಗಿ ಒಲೆ ಆರಿಸಿದ, ಪಾತ್ರೆಯನ್ನು ಎತ್ತಿ ಬಚ್ಚಲಿಗೆ ಸುರಿದ, ಕೈ ಸುಟ್ಟುಕೊಂಡ. ವಾಪಸು ಬಂದು ಮಂಡಿಯೂರಿ ಕುಳಿತು, ಚಾಪೆಗೆ ಹಣೆ ತಾಗುವ ಹಾಗೆ ಬಾಗಿದ.

"ಟೀಚರ್, ಅದು ಮೆಂಕೆನ್ ಅಲ್ಲ. ನಾನು ಕೊಟ್ಟ ಔಷಧೀನೇ ನಿಮಗೆ ಹೀಗೆ ಮಾಡಿರೋದು."

ಅವನು ಎಲ್ಲಕ್ಕಿಂತ ಹೆದರಿದ್ದ ಪ್ರಶ್ನೆಯೇ ಬಂತು. "ಯಾವಾಗಿಂದ ಗೊತ್ತು ನಿನಗೆ?"

ಇವತ್ತು ಬೆಳಿಗ್ಗೆ ಗೊತ್ತಾಯಿತು ಎನ್ನಬಹುದಿತ್ತು. ಎಷ್ಟು ಸಲೀಸಾದ ಮಾತು. "ಫೆಬ್ರವರೀಲೇ ಓದಿದ್ದೆ," ಎಂದ ಚಾಪೆಗೆ ಮುಖವಿಟ್ಟುಕೊಂಡೇ. "ಓದಿ ಎತ್ತಿಟ್ಟೆ. ಆಮೇಲೆ ನಿಮಗೆ ಎರಡು ಗ್ರಾಂ ಜಾಸ್ತೀನೂ ಮಾಡಿದೆ."

"ತಲೆ ಎತ್ತು. ಆ ಬೋಳು ನೆತ್ತಿ ಜೊತೆ ಮಾತಾಡೋಕೆ ನನಗಾಗಲ್ಲ." ಅವನು ಎತ್ತಿದ. ಟೀಚರ್ ಕೋಪದಲ್ಲಿರಲಿಲ್ಲ, ಅದಕ್ಕಿಂತ ಕಷ್ಟದ ಏನೋ ಆ ಊದಿದ ಮುಖದಲ್ಲಿತ್ತು. "ನನಗೂ ಗೊತ್ತಿತ್ತು ಕಣೋ," ಎಂದರು.

"ಏನು?"

"ಬೇರು ಗೀರು ನನಗೇನು ಗೊತ್ತು. ಆದ್ರೆ ಇದು ಗುಣ ಆಗೋ ದಾರಿ ಅಲ್ಲ ಅಂತ ಮೈಗೆ ಗೊತ್ತಾಗಲ್ವೇನೋ? ಆವತ್ತೇ ಹೇಳೋಣ ಅಂತಿದ್ದೆ. ನೀನು ಮೆಂಕೆನ್ ಅಂದಾಗ ನಿನ್ನ ಮುಖ ನೋಡಿದೆ. ಯಾವತ್ತೂ ಲೆಕ್ಕ ಬಾರದ ಹುಡುಗ ಒಂದು ಸಲ ತಾನೇ ಉತ್ತರ ಕಂಡುಹಿಡಿದ ಹಾಗೆ, ಅಷ್ಟು ಖುಷಿ. ಐವತ್ತು ಮಕ್ಕಳ ಮುಂದೆ ತಪ್ಪು ಅಂತ ಹೇಳೋಕೆ ನಾನು ಒಂದು ದಿನ ಹಿಂದೆಮುಂದೆ ನೋಡಿದವಳಲ್ಲ. ಆವತ್ತು ಬಾಯಿ ಬರಲಿಲ್ಲ. ನಿಮ್ಮಪ್ಪನ ಹಾಗೆ ಆದೆ ಅಂದುಬಿಟ್ಟೆ."

"ಮತ್ತೆ ಈ ನೋಟ್‌ಬುಕ್ಕು?"

"ಅದು ನೀನು ನೋಡ್ಲಿ ಅಂತ ಬರೆದಿದ್ದು. ಬರೀದೇ ಇರೋದೂ ಇದೆ. ಈಗ ನಾಲ್ಕು ದಿನದಿಂದ ರಾತ್ರಿ ಎದ್ರೆ ಕಕ್ಕಸಿಗೆ ಅಂಬೆಗಾಲಲ್ಲಿ ಹೋಗ್ತಿದೀನಿ. ಅದನ್ನೂ ಒಳ್ಳೇ ಲಕ್ಷಣ ಅಂತ ಬರೆಯೋಕೆ ನಾಚಿಕೆ ಆಯ್ತು."

ಇವಾವೊನಿಗೆ ದುಃಖ ಉಕ್ಕಿ ಬಂತು. ಅದು ನಾಚಿಕೆಯೂ ಹೌದು, ಪ್ರೀತಿಯೂ ಹೌದು. ಈ ಹೆಂಗಸು ಅವನ ಮುಖ ಬಾಡಬಾರದೆಂದು ಎಂಟು ಗ್ರಾಂ ಜೇಷ್ಠಮಧುವನ್ನು ದಿನವೂ ಕುಡಿದಿದ್ದರು, ಅವನು ತನ್ನ ಮುಖ ಉಳಿಸಿಕೊಳ್ಳಲು ಅದನ್ನು ಕುಡಿಸಿದ್ದ. ಅಪ್ಪ ಎಂಬ ದೊಡ್ಡ ಮನುಷ್ಯನನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಮಾಡುತ್ತ ಹತ್ತು ದಿನ ಕಳೆದಿದ್ದರು. ಕಣ್ಣೊರೆಸಿಕೊಳ್ಳಲು ಅವನು ಬಟ್ಟೆ ಹುಡುಕುತ್ತಿರುವಾಗ ಟೀಚರ್, "ಅಳೋದೆಲ್ಲ ಆಮೇಲೆ ಇಟ್ಕೋ. ಈಗ ಏನು ಮಾಡಬೇಕು ಹೇಳು," ಎಂದರು. ಹೇಳುವುದು ಒಂದೇ ಇತ್ತು. ಮೂರು ತಲೆಮಾರಿನಿಂದ ಅವನ ಮನೆತನದಲ್ಲಿ ಯಾರೂ ರೋಗಿಗೆ ಹೇಳದ ಮಾತು. "ಆಸ್ಪತ್ರೆಗೆ ಹೋಗಬೇಕು ಟೀಚರ್. ಈಗಲೇ. ನಾನೂ ಬರ್ತೀನಿ."

ಟ್ಯಾಕ್ಸಿ ಬರುವಷ್ಟರಲ್ಲಿ ನೋಟ್‌ಬುಕ್ಕಿನ ಹಿಂದಿನ ಹಾಳೆ ಹರಿದು ಎಲ್ಲವನ್ನೂ ಬರೆದ. ಯಾವ ತಾರೀಕಿನಿಂದ ಯಾವ ಬೇರು, ಎಷ್ಟು ಗ್ರಾಂ, ಯಾವತ್ತು ಏರಿಸಿದ್ದು, ಯಾವಾಗ ಮುಖ ಬಾತದ್ದು. ಕೊನೆಗೆ ತನ್ನ ಹೆಸರು, ಅಂಗಡಿಯ ಹೆಸರು, ಫೋನ್ ನಂಬರು. ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಕುಳಿತಾಗ ಆ ಹಾಳೆ ಕೈಯಲ್ಲಿ ಒದ್ದೆಯಾಯಿತು. ಅದನ್ನು ಅವನ ಕೈಯಿಂದ ಇಸಿದುಕೊಂಡು, ಟೀಚರನ್ನು ಒಳಗೆ ಕರೆದುಕೊಂಡು ಹೋಗಿ ಹೃದಯದ ಬಡಿತ ಬರೆಸಿದರು, ರಕ್ತ ತೆಗೆದರು. ಅಲ್ಲಿಯ ವಾಸನೆಯಲ್ಲಿ ಬೇರಿಲ್ಲ, ಎಲೆಯಿಲ್ಲ. ಎದುರಿಗೆ ಕುಳಿತ ಹೆಂಗಸೊಬ್ಬಳು ಅವನನ್ನು ಗುರುತು ಹಿಡಿದು ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಅಪ್ಪ ರಸ್ತೆ ಬಿಟ್ಟು ನಿಂತಿದ್ದು ಇದಕ್ಕೇ ಇರಬೇಕು, ಸೋತದ್ದಕ್ಕಲ್ಲ, ಸೋತವನನ್ನು ಜನ ನೋಡುವ ನೋಟಕ್ಕೆ. ನೆಗೊರೊ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಹಾಳೆ ಹಿಡಿದುಕೊಂಡು ಹೊರಬಂದು, "ಇದನ್ನ ಬರೆದವರು ಯಾರು?" ಎಂದು ಕೇಳಿದಾಗ ಇವಾವೊ ಎದ್ದು ನಿಂತ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು.

"ನಾನೇ. ಕೊಟ್ಟವನೂ ನಾನೇ."

"ಎಂಟು ಗ್ರಾಂ ಶುರು ಮಾಡಿದ್ದು ಮೇ ಹತ್ತೊಂಬತ್ತಕ್ಕಾ, ಇಪ್ಪತ್ತೊಂಬತ್ತಕ್ಕಾ? ಇಲ್ಲಿ ಶಾಯಿ ಕಲಸಿಹೋಗಿದೆ."

"ಹತ್ತೊಂಬತ್ತು."

ಡಾಕ್ಟರು ಗುರುತು ಹಾಕಿಕೊಂಡರು. ಬಯ್ಗುಳಕ್ಕೆ ಕಾದು ನಿಂತವನಿಗೆ ಬಯ್ಗುಳ ಬರಲಿಲ್ಲ. "ಪೊಟ್ಯಾಸಿಯಂ ತುಂಬ ಇಳಿದಿದೆ. ಇನ್ನೊಂದು ವಾರ ಕುಡಿದಿದ್ರೆ ಹೃದಯ ತಡೀತಿರಲಿಲ್ಲ. ಈಗ ಪರವಾಗಿಲ್ಲ, ಏರಿಸ್ತೀವಿ," ಎಂದು ಸ್ವಲ್ಪ ತಡೆದು, "ವರ್ಷಕ್ಕೆ ನಾಲ್ಕೈದು ಜನ ಹೀಗೆ ಬರ್ತಾರೆ. ಏನು ಕುಡಿದ್ರಿ ಅಂದ್ರೆ ಗಿಡಮೂಲಿಕೆ ಅಂತಾರೆ. ಯಾರು ಕೊಟ್ರು ಅಂದ್ರೆ ಬಾಯಿ ಬಿಡಲ್ಲ, ಕೊಟ್ಟವರಿಗೆ ಕೆಟ್ಟ ಹೆಸರು ಬರುತ್ತೆ ಅಂತ. ಗ್ರಾಂ ಸಮೇತ ಬರೆದುಕೊಟ್ಟವರು ನೀವೇ ಮೊದಲು," ಎಂದರು. ಹೋಗುತ್ತಾ ಹೋಗುತ್ತಾ ತಿರುಗಿ, ಸೆನ್ಸೇ ಎಂದೇ ಕರೆದು, ಮನೆಯಲ್ಲಿ ಉಳಿದ ಆ ಪೊಟ್ಟಣಗಳನ್ನು ತಂದುಕೊಡಲು ಹೇಳಿದರು. ಇವಾವೊ ಮತ್ತೆ ಬೆಂಚಿನ ಮೇಲೆ ಕುಳಿತ. ಸಮಾಧಾನವೆಂದರೆ ಸಮಾಧಾನವಲ್ಲ, ಬಹಳ ದಿನ ಒಂದೇ ಮಗ್ಗುಲಿಗೆ ಮಲಗಿದ್ದವನು ಹೊರಳಿದಾಗ ಜೋಮು ಬಿಡುವ ಹಾಗೆ, ಮೈಯೆಲ್ಲ ಚುಚ್ಚುತ್ತಿತ್ತು.

ಮೂರು ವಾರ ಕಳೆದು ಟೀಚರ್ ನಡೆದುಕೊಂಡೇ ಊರಿಗೆ ಬಂದರು. ಬಂದವರು ಮನೆಗೆ ಹೋಗಲಿಲ್ಲ, ನೇರ ತೋಫು ಅಂಗಡಿಗೆ ಹೋದರು. ಅಲ್ಲಿ ಏಳೆಂಟು ಜನರ ಮುಂದೆ, ಹಿಂದಿನ ಬೆಂಚಿಗೂ ಕೇಳಿಸುವ ಆ ಹಳೆಯ ದನಿಯಲ್ಲಿ, ನಾನು ಮೆಂಕೆನ್ ಅಂದದ್ದು ತಪ್ಪು, ಇವಾವೊ ಔಷಧಿ ಹೆಚ್ಚಾಗಿ ಕೊಟ್ಟಿದ್ದ, ಅವನೇ ಬಂದು ತಪ್ಪಾಯಿತು ಅಂದ, ಅವನೇ ಆಸ್ಪತ್ರೆಗೆ ಸೇರಿಸಿದ ಎಂದು ಒಂದಕ್ಷರ ಬಿಡದೆ ಒಪ್ಪಿಸಿದರು. ಸಾತೊಯೆ ಅದನ್ನು ಕೇಳಿಕೊಂಡು ಬಂದು ತರಕಾರಿ ಚೀಲವನ್ನು ನೆಲಕ್ಕೆ ಕುಕ್ಕಿದಳು. "ಮುಗೀತು ಬಿಡಿ. ನಾಳೆಯಿಂದ ಇಬ್ಬರೂ ಕೂತು ಒಬ್ಬರಿಗೊಬ್ಬರು ಸೂಜಿ ಹಾಕ್ಕೊಳ್ಳೋಣ." ಅವಳ ಕಣ್ಣು ಒದ್ದೆಯಾಗಿದ್ದವು. ಇವಾವೊ ಚೀಲವನ್ನು ಎತ್ತಿ ಒಳಗಿಟ್ಟ. ಹೆದರಿಕೆಯಾಗಿತ್ತು, ಆದರೆ ಆ ಹೆದರಿಕೆ ಚೊಕ್ಕಟವಾಗಿತ್ತು, ಬಚ್ಚಿಡಲು ಅದರಲ್ಲಿ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆರೆದು ಹತ್ತು ಗಂಟೆಯವರೆಗೆ ಒಂದು ಪಿಳ್ಳೆಯೂ ಬರಲಿಲ್ಲ. ಹತ್ತೂಕಾಲಿಗೆ ಕಿಹೇಜಿ ಬಂದ, ಕೈಗೆ ಇನ್ನೂ ತೋಫಿನ ನೀರಿತ್ತು. ಔಷಧಿ ಕೇಳಲಿಲ್ಲ, ಬಾಗಿಲ ಹತ್ತಿರವೇ ನಿಂತು ತಲೆ ಕೆರೆದುಕೊಂಡ.

"ಬೇಜಾರು ಮಾಡ್ಕೋಬೇಡಿ ಸೆನ್ಸೇ. ನೀವು ಕೊಟ್ರಲ್ಲ ಹೊಟ್ಟೆಗೆ, ಆ ಪುಡಿ. ಅದು ತಗೊಂಡಾಗಿಂದ ಒಂದು ತಿಂಗಳಾಯ್ತು, ಊಟ ಕಂಡ್ರೆ ಆಗಲ್ಲ. ಮೆಂಕೆನ್ ಇರಬೇಕು ಅಂತ ಸುಮ್ನಿದ್ದೆ."

"ಒಂದು ತಿಂಗಳಿಂದಾನಾ?"

"ನೀವು ಅಷ್ಟು ಯೋಚನೆ ಮಾಡಿ ಕೊಟ್ಟಿರ್ತೀರಿ. ಹೇಗೆ ಹೇಳೋದು ಅಂತ."

ಅವನ ಹಿಂದೆ ಕ್ಷೌರದಂಗಡಿಯವನ ಹೆಂಡತಿ ನಿಂತಿದ್ದಳು, ಮೊಗುಸಾ ಸುಟ್ಟ ಜಾಗ ಎರಡು ವಾರವಾದರೂ ಮಾಯದ ಕೈಯನ್ನು ಬಟ್ಟೆಯ ತೋಳಿನಿಂದ ಮುಚ್ಚಿಕೊಂಡು. ಅವಳ ಹಿಂದೆ ಅಂಚೆಯವನು, ಇವತ್ತು ಸೈಕಲ್ಲಿನಿಂದ ಇಳಿದು. ಊರಿನವರು ಅವನಿಂದ ಎಷ್ಟೊಂದನ್ನು ಮುಚ್ಚಿಟ್ಟುಕೊಂಡು, ಅವನ ಮರ್ಯಾದೆಗೆ ಕುಂದಾಗದಂತೆ ಎಷ್ಟು ವರ್ಷ ನೋವು ತಿಂದಿದ್ದರೋ. ಇವಾವೊನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು, ಅದರ ಬೆನ್ನಿಗೇ ಇವರು ಬಂದಿದ್ದಾರೆ, ಹೇಳುವುದಕ್ಕೆ ಬಂದಿದ್ದಾರೆ ಎಂದು ಎದೆ ತುಂಬಿ ಬಂತು. ಸಾತೊಯೆ ಆಗಲೇ ಒಳಗಿನಿಂದ ಕೂರಲು ದಿಂಬುಗಳನ್ನು ತಂದು ಹಾಕುತ್ತಿದ್ದಳು.

"ಹಾಗಾದ್ರೆ ಇದು ಮೆಂಕೆನ್ ಅಲ್ವಾ ಸೆನ್ಸೇ?" ಎಂದು ಕಿಹೇಜಿ ಕೇಳಿದ.

"ಅಲ್ಲ ಅನ್ಸುತ್ತೆ. ಏನು ಅಂತ ನನಗಿನ್ನೂ ಗೊತ್ತಿಲ್ಲ," ಎಂದ ಇವಾವೊ. "ಮಲಗಿ, ಹೊಟ್ಟೆ ನೋಡ್ತೀನಿ. ಒತ್ತಿದಾಗ ನೋವಾದ್ರೆ ತಡ್ಕೋಬೇಡಿ, ಹೇಳಿ."

ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟ. ಪಕ್ಕೆಲುಬಿನ ಕೆಳಗೆ, ಬಲಕ್ಕೆ, ಮೆಲ್ಲಗೆ ಒತ್ತಿದ.

"ಅಲ್ಲೇ," ಎಂದ ಕಿಹೇಜಿ. "ಅಲ್ಲೇ ನೋಯ್ತಾ ಇರೋದು."